ಇಲಾಖಾ ವಿಚಾರಣೆಯ ಭಾನುವಾರದ ತರಗತಿ, ಹುಬ್ಬಳ್ಳಿ: 600 ರೂಪಾಯಿಗೆ ಮೋಸವಿಲ್ಲ

ನಮ್ಮ ಬಸ್ ಡಿಪೋದಲ್ಲಿ ಯಾರಿಗಾದರೂ ಇಲಾಖೆಯ ಚಾರ್ಜ್‌ಶೀಟ್, ಅಂದರೆ ಆರೋಪಪಟ್ಟಿ, ಬಂದರೆ ವಿಚಾರಣಾಧಿಕಾರಿಯ ಮುಂದೆ ಅವರ ಪರ ಕೂತು ಮಾತಾಡುವವನು ನಾನು. ಸಂಬಳವಿಲ್ಲ, ಬರೀ ಚಹಾ. ನಿವೃತ್ತ ಕಾರ್ಮಿಕ ವಕೀಲರೊಬ್ಬರು ನಡೆಸುವ ಈ ಒಂದು ದಿನದ ತರಗತಿಗೆ ಹೋಗಿದ್ದೂ ಅದಕ್ಕೇ. ಶುಲ್ಕ 600 ರೂಪಾಯಿ, ಊಟ ಸೇರಿ.

ಬೆಳಗ್ಗೆ ಭಾಳ ಸಪ್ಪೆ. 14, 16, 20, 21, 311 ಅಂತ ಸಂವಿಧಾನದ ವಿಧಿಗಳನ್ನು ಪರದೆ ಮೇಲೆ ತೋರಿಸಿ ಓದಿದ್ದೇ ಓದಿದ್ದು. 2010ರ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ತೀರ್ಪನ್ನು, ಅಂದರೆ ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ ಮಾಡುವಂತಿಲ್ಲ ಎಂದದ್ದನ್ನು, ಚೆನ್ನಾಗಿಯೇ ಬಿಡಿಸಿ ಹೇಳಿದರು. ಆದರೆ ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಬೇಕಿಲ್ಲ ಎನ್ನುವ 20(3)ರ ಆ ರಕ್ಷಣೆ ಅಪರಾಧದ ಆರೋಪಿಗೆ, ಇಲಾಖೆಯ ಚಾರ್ಜ್‌ಶೀಟಿಗಲ್ಲ. ಇದು ಹಿಂದಿನ ಸಾಲಿನ ಹುಡುಗನೊಬ್ಬ ಕೇಳಿದ ಮೇಲೆಯೇ ಹೊರಬಿತ್ತು. ವಜಾಕ್ಕೆ ಮುಂಚೆ ವಿಚಾರಣೆ ಬೇಕೆನ್ನುವ 311 ಸರ್ಕಾರದ ಸಿವಿಲ್ ಹುದ್ದೆಯವರಿಗೆ, ನಿಗಮದ ನೌಕರರಿಗಲ್ಲ ಅನ್ನುವುದನ್ನಾದರೂ ಮೊದಲೇ ಹೇಳಿದರು, ಪುಣ್ಯ.

ಊಟವಾದ ಮೇಲೆ ಸರ ಬೇರೆಯೇ ಮನುಷ್ಯ. ಪರದೆ ಆರಿಸಿ, ಒಂದೇ ಕೇಸು ಹಿಡಿದು ಕೂತರು: 1999ರ ಪಾಲ್ ಆಂಥೋನಿ ವಿರುದ್ಧ ಭಾರತ್ ಗೋಲ್ಡ್ ಮೈನ್ಸ್. ಆಂಥೋನಿ ಕೆಜಿಎಫ್‌ನ ಈ ಚಿನ್ನದ ಗಣಿ ಕಂಪನಿಯ ಸೆಕ್ಯುರಿಟಿ ಅಧಿಕಾರಿ. 1985ರಲ್ಲಿ ಅವರ ಮನೆ ಮೇಲೆ ಪೊಲೀಸ್ ದಾಳಿ. 4.5 ಗ್ರಾಂ ಚಿನ್ನದ ಉಂಡೆ, 1276 ಗ್ರಾಂ ಚಿನ್ನ ಬೆರೆತ ಮರಳು ಸಿಕ್ಕಿತೆಂದು ಕೇಸು, ಅಮಾನತು. ಅಮಾನತಿನಲ್ಲಿರುವವರಿಗೆ ಕೊಡಬೇಕಾದ ಜೀವನಾಧಾರ ಭತ್ಯೆ ಕೊಡಲಿಲ್ಲ, ಕೇರಳದಿಂದ ವಿಚಾರಣೆಗೆ ಬರಲು ಅವರ ಕೈಯಲ್ಲಿ ದುಡ್ಡಿಲ್ಲ. ಅವರಿಲ್ಲದೆಯೇ ವಿಚಾರಣೆ ಮುಗಿಸಿ 1986ರಲ್ಲಿ ವಜಾ. ಮರುವರ್ಷ ಕ್ರಿಮಿನಲ್ ಕೋರ್ಟಿನಲ್ಲಿ ಖುಲಾಸೆ.

ಇಲ್ಲಿ ಸರ ಪುಸ್ತಕ ಮುಚ್ಚಿ, "ನೀವಾದ್ರ ಏನ್ ವಾದಿಸ್ತೀರಿ?" ಅಂದರು. ಎಲ್ಲರೂ ಖುಲಾಸೆಯನ್ನೇ ಹಿಡಿದೆವು. ಸುಪ್ರೀಂ ಕೋರ್ಟ್ ಅದನ್ನು ನೋಡಿತು ನಿಜ. ಎರಡೂ ಕಡೆ ಅದೇ ದಾಳಿ, ಅದೇ ಸಾಕ್ಷಿಗಳು; ದಾಳಿಯಲ್ಲಿ ಏನೂ ಸಿಗಲಿಲ್ಲವೆಂದು ಕೋರ್ಟ್ ಹೇಳಿದ ಮೇಲೆ ವಜಾ ಹೇಗೆ ನಿಲ್ಲುತ್ತದೆ? ಆದರೆ ಸರ ನಮ್ಮನ್ನು ನಿಲ್ಲಿಸಿದ್ದು ಭತ್ಯೆಯ ಹತ್ತಿರ. ಅಮಾನತಾದವನೂ ನೌಕರನೇ, ಅವನಿಗೆ ಭತ್ಯೆ ಕೊಡದಿರುವುದು 21ನೇ ವಿಧಿಯ ಬದುಕುವ ಹಕ್ಕಿಗೇ ಧಕ್ಕೆ ಎಂದಿತು ಕೋರ್ಟ್. ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಲು ಆದೇಶವಾಯಿತು. ಕಾರ್ಮಿಕ ಕಾನೂನಿನಂತೆ ಭತ್ಯೆ ಮೊದಲ 90 ದಿನ ಅರ್ಧ ಸಂಬಳ, ತಡ ನೌಕರನಿಂದ ಆಗದಿದ್ದರೆ ಆಮೇಲೆ ಮುಕ್ಕಾಲು. ನಮ್ಮ ಮಂದಿ ಅದನ್ನು ಉಪಕಾರ ಎಂದುಕೊಂಡು ಕೇಳಲಿಕ್ಕೂ ಹಿಂಜರಿಯುತ್ತಾರೆ.

ಖುಲಾಸೆಯಾದ ಮಾತ್ರಕ್ಕೆ ನೌಕರಿ ತಾನಾಗಿ ವಾಪಸ್ ಬರದು ಎಂಬುದನ್ನೂ ಮುಚ್ಚಿಡಲಿಲ್ಲ. ಕ್ರಿಮಿನಲ್ ಕೋರ್ಟಿಗೆ ಸಂಶಯಕ್ಕೆ ಎಡೆಯಿಲ್ಲದ ಪುರಾವೆ ಬೇಕು, ಇಲಾಖೆಗೆ ಅಷ್ಟು ಬೇಡ. 1977ರಲ್ಲಿ ಹರಿಯಾಣದ ಬಸ್ ಕಂಡಕ್ಟರೊಬ್ಬರ ಕೇಸಿನಲ್ಲಿ, ಟಿಕೆಟ್ಟಿಲ್ಲದ ಪ್ರಯಾಣಿಕರನ್ನು ಸಾಕ್ಷಿಗೆ ಕರೆಯಲಿಲ್ಲವೆಂಬ ವಾದ ಬಿದ್ದುಹೋಯಿತು. ನಮ್ಮ ರಾಜ್ಯದ ಕಂಡಕ್ಟರೊಬ್ಬರ ಬಳಿ ಸಿಕ್ಕ ಲೆಕ್ಕಕ್ಕಿಲ್ಲದ ಹಣ ಬರೀ 93 ರೂಪಾಯಿ. ಆ ವಜಾವನ್ನೂ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಸಭಾಂಗಣದಲ್ಲಿ ಒಬ್ಬರೂ ಕೆಮ್ಮಲಿಲ್ಲ. ಮೊತ್ತ ಸಣ್ಣದು ಅಂತ ವಾದಿಸುವ ಚಾಳಿ ಬಿಡ್ರಿ, ವಿಚಾರಣೆ ಸರಿಯಾಗಿ ನಡೆಯಿತೋ ಇಲ್ಲವೋ ಅದನ್ನು ಹಿಡೀರಿ ಅಂದರು. ಈ ಒಂದು ಮಾತಿಗೇ 600 ರೂಪಾಯಿ ಕೊಡಬಹುದು.

ಕೊಟ್ಟ ನೋಟ್ಸ್ ಮಾತ್ರ ಪೂರ್ತಿ ಇಂಗ್ಲಿಷ್, ಜೆರಾಕ್ಸಿನ ಜೆರಾಕ್ಸ್, ಪುಟದ ಅಂಚು ಕತ್ತರಿಸಿಹೋಗಿದೆ. ಪಾಠವೆಲ್ಲ ಕನ್ನಡದಲ್ಲಿ ಮಾಡಿ ಕೈಗೆ ಇದನ್ನು ಕೊಟ್ಟರೆ ಮೆಕ್ಯಾನಿಕ್ ಏನು ಓದಬೇಕು? ಖಾಸಗಿ ಕಾರ್ಖಾನೆಯವರಿಗೆ ಹತ್ತು ನಿಮಿಷವೂ ಸಿಗಲಿಲ್ಲ. ಗೋಕುಲ ರಸ್ತೆಯ ಕಡೆಯಿಂದ ಬಂದಿದ್ದ ಇಬ್ಬರು ಮೂರೂವರೆಗೇ ಎದ್ದು ಹೋದರು. ನಿಗಮ, ಮಂಡಳಿ, ಬ್ಯಾಂಕಿನ ನೌಕರರು ಹೋಗಿ. ಆದರೆ ಊಟದ ಹೊತ್ತಿಗೆ ಹೋದರೂ ಸಾಕು. ಎಣ್ಣೆಗಾಯಿ ಚಲೋ ಇತ್ತು.