ಐನ್ಯಾಚುರಲಿಸ್ಟ್ ಆ್ಯಪ್: ಮೂರರಲ್ಲಿ ಎರಡು ಸಾಲದು

ಕಂಡ ಗಿಡ, ಪ್ರಾಣಿಗಳ ಫೋಟೋ ಹಾಕಿದರೆ ಬಳಸುವವರೇ ಸೇರಿ ಅವುಗಳ ಹೆಸರು ಗುರುತಿಸುವ ಆ್ಯಪ್ ಐನ್ಯಾಚುರಲಿಸ್ಟ್. ಕರಿಬೇವಿನ ಗಿಡದ ಸುತ್ತ ಸುಳಿಯುವ ಕಪ್ಪು ಚಿಟ್ಟೆಯ ಫೋಟೋ ಹಾಕಿ ನೋಡಿ, ಈ ಆ್ಯಪ್‌ನ ಸತ್ವ, ಹುಳುಕು ಎರಡೂ ಗೊತ್ತಾಗುತ್ತವೆ. ಕಾಮನ್ ಮಾರ್ಮನ್ ಎಂಬ ಚಿಟ್ಟೆಯ ಹೆಣ್ಣಿನ ಒಂದು ರೂಪ, ಹಕ್ಕಿಗಳಿಗೆ ರುಚಿಸದ ಕಾಮನ್ ರೋಸ್ ಚಿಟ್ಟೆಯ ವೇಷ ಹಾಕುತ್ತದೆ. ರೆಕ್ಕೆ ನೋಡಿದರೆ ಯಾರಾದರೂ ಮೋಸಹೋಗಬೇಕು. ಮೈ ನೋಡಿ: ರೋಸ್‌ನದು ಕೆಂಪು, ಮಾರ್ಮನ್‌ನದು ಕಪ್ಪು.

ಅವಸರದಲ್ಲಿ ನೀವು ‘ರೋಸ್’ ಎಂದು ಹಾಕಿದಿರಿ ಅನ್ನಿ. ಬಲ್ಲವರೊಬ್ಬರು ಬಂದು ‘ಮಾರ್ಮನ್’ ಅಂದರು, ಇನ್ನೊಬ್ಬರೂ ಅದನ್ನೇ ಅಂದರು. ಮೂರರಲ್ಲಿ ಎರಡಾಯಿತು, ಆದರೂ ಸಾಲದು. ಹೆಸರು ಗಟ್ಟಿಯಾಗಲು ಮೂರನೇ ಎರಡಕ್ಕಿಂತ ಹೆಚ್ಚು ಒಮ್ಮತ ಬೇಕು. ಅಂದರೆ ಮಾರ್ಮನ್ ಅನ್ನುವ ಮೂರನೆಯವರು ಬಂದು ನಾಲ್ಕರಲ್ಲಿ ಮೂರಾಗಬೇಕು. ಇಲ್ಲವೇ ನಿಮ್ಮ ಗುರುತನ್ನು ನೀವೇ ಹಿಂತೆಗೆದುಕೊಳ್ಳಬಹುದು. ಆಗ ಎರಡಕ್ಕೆರಡು, ದಿನಾಂಕ, ಜಾಗ ಸರಿಯಿದ್ದರೆ ‘ರಿಸರ್ಚ್ ಗ್ರೇಡ್’, ಅಂದರೆ ಸಂಶೋಧನೆಗೆ ಬಳಸಬಹುದಾದ ದಾಖಲೆ. ಪ್ರೊಫೆಸರ್‌ಗೂ ಒಂದೇ ಮತ, ಹೈಸ್ಕೂಲ್ ಹುಡುಗನಿಗೂ ಒಂದೇ ಮತ. ಲೈಕು, ಫಾಲೋವರ್ ಸಂಖ್ಯೆ ಇಲ್ಲಿ ಲೆಕ್ಕಕ್ಕಿಲ್ಲ.

2008ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳ ಪ್ರಾಜೆಕ್ಟ್ ಆಗಿ ಶುರುವಾದದ್ದು ಇದು. 2023ರಿಂದ ಸ್ವತಂತ್ರ ಸಂಸ್ಥೆ. ಬಳಸಲು ದುಡ್ಡು ಕೊಡಬೇಕಿಲ್ಲ, ಜಾಹೀರಾತಿಲ್ಲ.

ಹುಳುಕಿರುವುದು ಕಂಪ್ಯೂಟರ್ ಕೊಡುವ ಸಲಹೆಯಲ್ಲಿ. ಫೋಟೋ ಹಾಕಿದ ಕೂಡಲೇ ಹೆಸರುಗಳ ಪಟ್ಟಿ ಬರುತ್ತದೆ. ಹಾಕಿದವರು ಮೊದಲನೆಯದನ್ನು ಒತ್ತುತ್ತಾರೆ, ಇನ್ನೊಬ್ಬರು ‘ಅಗ್ರೀ’ ಒತ್ತುತ್ತಾರೆ. ನೋಡಲು ಎರಡು ಅಭಿಪ್ರಾಯ, ಅಸಲಿಗೆ ಒಂದೇ, ಅದೂ ಯಂತ್ರದ್ದು! ಗುರುತಿಸಿದವರಿಗೆ ಧನ್ಯವಾದ ಹೇಳಲು ಅಗ್ರೀ ಒತ್ತುವವರೂ ಇದ್ದಾರೆ, ಅದಂತೂ ಶುದ್ಧ ತಪ್ಪು. ಗುರುತಿಸುವ ಲಕ್ಷಣ ನಿಮಗೇ ಕಾಣದಿದ್ದರೆ ಒತ್ತಬೇಡಿ. ಖಾತ್ರಿ ಇಲ್ಲದಾಗ ‘ಚಿಟ್ಟೆ’ ಎಂದಷ್ಟೇ ಹಾಕಿ ಬಿಡಿ, ಚಿಟ್ಟೆ ಬಲ್ಲವರು ಹುಡುಕಿಕೊಂಡು ಬರುತ್ತಾರೆ.

ಫೋಟೋ ವಿಷಯ. ವಾಟ್ಸಾಪ್‌ನಲ್ಲಿ ಮಾಮೂಲಿ ಫೋಟೋ ಆಗಿ ಬಂದದ್ದರಲ್ಲಿ ತೆಗೆದ ದಿನ, ಜಾಗದ ಮಾಹಿತಿ ಅಳಿಸಿಹೋಗಿರುತ್ತದೆ; ಮೂಲ ಫೈಲನ್ನೇ ಹಾಕಿ. ಉದ್ದದ ಬದಿ 2048 ಪಿಕ್ಸೆಲ್ ಮೀರಿದರೆ ಸೈಟ್ ಅದನ್ನು ಕುಗ್ಗಿಸುತ್ತದೆ, ಹಾಗಾಗಿ ದೂರದ ಹಕ್ಕಿಯನ್ನು ಮೊದಲೇ ಕ್ರಾಪ್ ಮಾಡಿಕೊಳ್ಳಿ. ಅಣಬೆಯಾದರೆ ಟೋಪಿಯ ಅಡಿಭಾಗ ಬೇಕೇಬೇಕು. ಗಿಡಕ್ಕೆ ಹೂವೊಂದೇ ಸಾಲದು, ಎಲೆಯ ಹಿಂಬದಿ, ಕಾಂಡ ಸೇರಲಿ. ಪಶ್ಚಿಮ ಘಟ್ಟದ ಪೊದೆಗಪ್ಪೆಗಳಲ್ಲಿ ಹಲವನ್ನು ಫೋಟೋದಿಂದ ಬೇರ್ಪಡಿಸುವುದು ಕಷ್ಟ, ಕೂಗು ರೆಕಾರ್ಡ್ ಮಾಡಿ ಜೊತೆಗೆ ಹಾಕಿ. ಒಂದು ದಾಖಲೆಗೆ ಒಂದೇ ಜೀವಿ: ಹೂವೂ ಅದರ ಮೇಲಿನ ಜೇನೂ ಬೇಕಿದ್ದರೆ ಎರಡು ದಾಖಲೆ ಮಾಡಿ. ಕುಂಡದ ದಾಸವಾಳಕ್ಕೆ ‘ಬೆಳೆಸಿದ್ದು’ ಎಂದು ಗುರುತು ಹಾಕದೆ ಬಿಟ್ಟರೆ ಅದು ಕಾಡುಗಿಡಗಳ ನಕ್ಷೆಯಲ್ಲಿ ಹೋಗಿ ಕೂರುತ್ತದೆ.

ಅಪಾಯದಲ್ಲಿರುವ ಪ್ರಭೇದಗಳ ಜಾಗವನ್ನು ಬಹುಮಟ್ಟಿಗೆ ಸೈಟೇ ಮಸುಕು ಮಾಡುತ್ತದೆ, ಅಕ್ಷಾಂಶ, ರೇಖಾಂಶದ 0.2 ಡಿಗ್ರಿ ಚೌಕದೊಳಗೆ ಎಲ್ಲೋ ಒಂದು ಚುಕ್ಕೆ ತೋರಿಸುತ್ತದೆ. ನಮ್ಮ ಕಡೆ ಆ ಚೌಕದ ಬದಿ ಸುಮಾರು 22 ಕಿ.ಮೀ. ಮನೆಯ ಹಿತ್ತಲಿನ ದಾಖಲೆಗಳಿಗೆ ಈ ಮಸುಕನ್ನು ನೀವೇ ಆರಿಸಿಕೊಳ್ಳಬೇಕು. ಆದರೆ ಅಪರೂಪದ ಸೀತಾಳೆದಂಡೆಯ ಫೋಟೋ ಕೆಳಗೆ ‘ದೇವಸ್ಥಾನದ ಹಿಂದಿನ ಹಲಸಿನ ಮರದಲ್ಲಿ’ ಎಂದು ಊರಿನ ಹೆಸರು ಸಮೇತ ಬರೆದುಬಿಟ್ಟರೆ ಕಳ್ಳರಿಗೆ ನಕ್ಷೆಯೇ ಬೇಕಿಲ್ಲ.