ಟ್ರ್ಯಾಕ್‌ಗೆ ಮೆತ್ತನೆಯ ಟೈರು, ಊರು ಬೆಳಗಾವಿ: ದೀರ್ಘ ಬಳಕೆಯ ವಿಮರ್ಶೆ

ನಡುವೆ ಇನ್ನೂ ನಾಲ್ಕೂವರೆ ಮಿ.ಮೀ. ಬಟನ್ (ನೆಲಕ್ಕೆ ತಾಗುವ ರಬ್ಬರಿನ ಉಬ್ಬು) ಇರುವ ಟೈರನ್ನು ಗುಜರಿಗೆ ಹಾಕುವಾಗ ಹೊಟ್ಟೆ ಉರಿಯುತ್ತದೆ. ಅದೇ ಟೈರಿನ ಹೊರ ಅಂಚಿಗೆ ಬನ್ನಿ, ಪೂರ್ತಿ ಬೋಳು. ಅಳತೆ 195/55 R16, ಪಕ್ಕೆಯ ಮೇಲೆ ಟ್ರೆಡ್‌ವೇರ್ 200 ಎಂದು ಬರೆದಿದೆ (ಈ ಅಂಕ ಕಡಿಮೆಯಾದಷ್ಟೂ ರಬ್ಬರು ಮೆತ್ತಗೆ, ಸವೆತ ಬೇಗ), ರೇಸ್ ಟ್ರ್ಯಾಕ್‌ನಲ್ಲಿ ಓಡಿಸಲೆಂದು ಹಾಕಿದ್ದು ಮುಂದಿನ ಗಾಲಿ ಎಳೆಯುವ ಸಾದಾ ಹ್ಯಾಚ್‌ಬ್ಯಾಕಿಗೆ. ಕಂಪನಿಯ ಹೆಸರು ಬೇಕಂತಲೇ ಬರೆದಿಲ್ಲ. ಈ ರೋಗ ಈ ಜಾತಿಯ ಟೈರಿಗೆಲ್ಲ ಇದೆ, ಅರ್ಧ ತಪ್ಪಂತೂ ಕಾರಿನದೇ.

ಇಂಥ ಕಾರಿನಲ್ಲಿ ತಿರುಗಿಸುವುದು, ಎಳೆಯುವುದು, ಬ್ರೇಕಿನ ಬಹುಪಾಲು, ಎಲ್ಲ ಹೊರೆಯೂ ಮುಂದಿನ ಎರಡು ಗಾಲಿಗಳದ್ದು. ಕ್ಯಾಂಬರ್, ಅಂದರೆ ಮುಂದಿನಿಂದ ನೋಡಿದಾಗ ಗಾಲಿ ಒಳಕ್ಕೋ ಹೊರಕ್ಕೋ ವಾಲಿರುವ ಕೋನ, ಸೊನ್ನೆಯ ಹತ್ತಿರ ಇರುತ್ತದೆ. ತಿರುವಿನಲ್ಲಿ ಬಾಡಿ ವಾಲಿದಾಗ ಹೊರಗಾಲಿಯೂ ಹೊರಕ್ಕೆ ವಾಲಿ ಭಾರವೆಲ್ಲ ಅದರ ಹೊರಭುಜದ ಎರಡು ಬೆರಳಗಲದ ಮೇಲೆ ಬೀಳುತ್ತದೆ. ಟ್ರ್ಯಾಕ್ ಗಡಿಯಾರದ ದಿಕ್ಕಿನದಾದರೆ ಬಲ ತಿರುವುಗಳೇ ಹೆಚ್ಚು, ಮೊದಲು ಸಾಯುವುದು ಎಡ ಮುಂದಿನ ಟೈರು. ಸ್ಟ್ರಟ್ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್‌ನ ಕಂಬ) ಮತ್ತು ನಕಲ್ (ಗಾಲಿಯನ್ನು ಹಿಡಿದ ತುಂಡು) ಸೇರುವಲ್ಲಿ ಒಂದು ಬೋಲ್ಟ್ ತೆಗೆದು ಕ್ಯಾಂಬರ್ ಬೋಲ್ಟ್ ಹಾಕಿಸಿದರೆ ಒಂದು, ಒಂದೂವರೆ ಡಿಗ್ರಿ ನೆಗೆಟಿವ್ ಸಿಗುತ್ತದೆ, ಅಂದರೆ ಗಾಲಿಯ ತಲೆ ಅಷ್ಟು ಒಳಕ್ಕೆ ವಾಲುತ್ತದೆ. ಈ ಸವೆತಕ್ಕೆ ಕಡಿಮೆ ಖರ್ಚಿನ ಮದ್ದು ಇದೇ. ಕ್ಯಾಂಬರ್ ಬದಲಾದರೆ ಟೋ (ಮೇಲಿನಿಂದ ನೋಡಿದಾಗ ಗಾಲಿಗಳು ಒಳಮುಖವೋ ಹೊರಮುಖವೋ ಎಂಬ ಕೋನ) ಕೂಡ ಬದಲಾಗುತ್ತದೆ, ಅದನ್ನು ಮತ್ತೆ ಸರಿ ಮಾಡಿಸಲೇಬೇಕು. ಅಲೈನ್‌ಮೆಂಟ್ ಹುಡುಗನಿಗೆ ಮೊದಲೇ ಹೇಳಿಡಿ: "ಕ್ಯಾಂಬರ್ ಮುಟ್ಟಬ್ಯಾಡ್ರಿ, ಟೋ ಅಷ್ಟ ಸೊನ್ನಿ ಮಾಡ್ರಿ." ಇಲ್ಲವಾದರೆ ಯಂತ್ರದ ತೆರೆಯ ಮೇಲೆ ಕೆಂಪು ಕಂಡಿತೆಂದು ಅವನು ನಿಯತ್ತಿನಿಂದಲೇ ಎಲ್ಲವನ್ನೂ ಹಸಿರಿಗೆ ತಂದು ಕಳಿಸುತ್ತಾನೆ.

ಟೈರು ಒಂದೇ ದಿಕ್ಕಿಗೆ ಉರುಳುವ ಬಾಣದ ಗುರುತಿನದಾಗಿದ್ದರೆ ಇನ್ನೊಂದು ಉಪಾಯವಿದೆ. ಎಡ ರಿಮ್ಮಿನಿಂದ ಬಿಚ್ಚಿಸಿ ಬಲ ರಿಮ್ಮಿಗೆ ಕೂರಿಸಿದರೆ ಬಾಣ ಸರಿಯಾಗಿಯೇ ಇರುತ್ತದೆ, ಸವೆದ ಹೊರಭುಜ ಒಳಕ್ಕೆ ಹೋಗುತ್ತದೆ. ‘ಔಟ್‌ಸೈಡ್’ ಎಂದು ಬರೆದ ಟೈರಿಗೆ ಆ ಭಾಗ್ಯವಿಲ್ಲ. ಬಟನ್ ಅಳೆಯಲು ಬೇರೆ ಸಾಧನ ಕೊಳ್ಳುವುದು ಬೇಡ. ಊರಿನ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಕೆಲಸ ಮಾಡುವವರ ಬಳಿ ಅಳತೆಯ ವರ್ನಿಯರ್ ಇದ್ದೇ ಇರುತ್ತದೆ, ಅದರ ಬಾಲದ ಕಡ್ಡಿಯನ್ನು ಬಟನ್‌ಗಳ ನಡುವಿನ ಗ್ರೂವ್‌ನಲ್ಲಿ ಇಳಿಸಿದರೆ ಸಾಕು. ಒಳಗೆ, ನಡುವೆ, ಹೊರಗೆ ಮೂರೂ ಕಡೆ ಅಳೆದು ಬರೆದಿಡಿ. ನಡುವಿನ ಅಳತೆಯೊಂದನ್ನೇ ನಂಬಿದವರು ಮೋಸ ಹೋಗುತ್ತಾರೆ.

ಇನ್ನು ದೂರದ ಲೆಕ್ಕ. ಬೆಳಗಾವಿಯಿಂದ ಕೊಯಮತ್ತೂರಿನ ಕಾರಿ ಮೋಟರ್ ಸ್ಪೀಡ್‌ವೇಗೆ ಬೆಂಗಳೂರಿನ ಮೇಲೆ ಹೋದರೆ ಒಂದು ಕಡೆಗೇ ಸುಮಾರು 850 ಕಿ.ಮೀ. ಆ ಟ್ರ್ಯಾಕ್‌ನ ಒಂದು ಸುತ್ತು 2.1 ಕಿ.ಮೀ. ಹದಿನೈದು ನಿಮಿಷದ ನಾಲ್ಕು ಸರದಿ ಸಿಕ್ಕರೆ ದಿನಕ್ಕೆ ಹೆಚ್ಚೆಂದರೆ 80 ಕಿ.ಮೀ. ಓಟ. ಅಂದರೆ ಎಂಬತ್ತು ಕಿಲೋಮೀಟರಿನ ಸುಖಕ್ಕೆ 1700 ಕಿಲೋಮೀಟರು ರಸ್ತೆ ಸವೆಸಬೇಕು. ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್‌ನ ಸುತ್ತು ಉದ್ದ, 3.7 ಕಿ.ಮೀ., ಆದರೆ ದಾರಿಯ ಲೆಕ್ಕ ಹೆಚ್ಚುಕಡಿಮೆ ಅಷ್ಟೇ. ಟ್ರ್ಯಾಕ್ ಪಕ್ಕದ ಊರಿನವರು ಕೊಡುವ ಟೈರಿನ ಸಲಹೆ ನಮಗೆ ಹೊಂದದಿರುವುದು ಇದಕ್ಕೇ. 200ರ ಟೈರು ಸಾದಾ ಟೈರಿನ ಅರ್ಧ ಬಾಳಿಕೆಯನ್ನೂ ಕೊಡುವುದಿಲ್ಲ, ಆ ಅರ್ಧದಲ್ಲಿ ಬಹುಪಾಲು ಟೋಲ್ ನಾಕಾಗಳ ನಡುವೆಯೇ ಕರಗುತ್ತದೆ.

ಊರೊಳಗೆ ಇನ್ನಷ್ಟು ಕಿರಿಕಿರಿ. ಬಿಸಿಯಾದ ಮೆತ್ತನೆ ರಬ್ಬರಿಗೆ ರಸ್ತೆಬದಿಯ ಖಡಿ ಅಂಟಿಕೊಂಡು ಗಾಲಿಯ ಮೇಲಿನ ತಗಡಿಗೆ ಟಪಟಪ ಬಡಿಯುತ್ತದೆ. ಉದ್ಯಮಬಾಗದ ಒಳರಸ್ತೆಗಳಲ್ಲಿ ಲೇಥ್‌ನಿಂದ ಬಿದ್ದ ಕಬ್ಬಿಣದ ಸುರುಳಿ ಚೂರುಗಳೂ ಹೀಗೇ ನಾಟಿಕೊಳ್ಳುತ್ತವೆ. ದಾರ ತುರುಕಿ ಮಾಡಿದ ಪಂಕ್ಚರಿನ ಟೈರು ಮನೆ ಮುಟ್ಟಿಸಬಹುದು, ಆದರೆ ಅದನ್ನು ಟ್ರ್ಯಾಕ್‌ಗೆ ಒಯ್ಯಬೇಡಿ. ಡಿಸೆಂಬರ್ ಬೆಳಗಿನ ಚಳಿಯಲ್ಲಿ ಮೊದಲ ನಾಲ್ಕೈದು ಕಿಲೋಮೀಟರು ಸಾದಾ ಟೈರೇ ಮೇಲು ಅನಿಸುತ್ತದೆ. ಗೋವಾ ಕಡೆಯ ಚೋರ್ಲಾ ರಸ್ತೆಯ ತಗ್ಗುಗಳಲ್ಲಿ 55ರ ಪಕ್ಕೆಗೆ (ಎತ್ತರ ಟೈರಿನ ಅಗಲದ ಶೇ 55 ಮಾತ್ರ) ಪೆಟ್ಟು ಬಿದ್ದರೆ ಒಳಗಿನ ದಾರ ಹರಿದು ಗುಳ್ಳೆ ಬರುತ್ತದೆ. ಆಮೇಲೆ ಆ ಟೈರು ಸ್ಟೆಪ್ನಿಗೂ ಬೇಡ.

ಇಷ್ಟೆಲ್ಲ ಬೈದ ಮೇಲೂ ಬಿಡಲು ಮನಸ್ಸು ಬಾರದ್ದಕ್ಕೆ ಕಾರಣ ಹವಾ. ಟೈರು ಕೊಟ್ಟ ಅನಿರೀಕ್ಷಿತ ಖುಷಿ ಎಂದರೆ ಇದೇ: ಎರಡು ಪೌಂಡ್ ಹವಾ ಹೆಚ್ಚುಕಡಿಮೆಯಾದರೂ ಸ್ಟೀರಿಂಗ್ ಹಿಡಿದ ಕೈಗೆ ತಕ್ಷಣ ಗೊತ್ತಾಗುತ್ತದೆ. ಸಾದಾ ಟೈರಿನಲ್ಲಿ ಇದು ತಿಳಿಯುವುದೇ ಇಲ್ಲ.

ಕ್ರಮ ಹೀಗೆ. ಬೆಳಗ್ಗೆ ಬಿಸಿಲು ಬೀಳುವ ಮೊದಲೇ ನಾಲ್ಕೂ ಗಾಲಿಗಳಲ್ಲಿ, ಬಾಗಿಲ ಬಳಿಯ ಚೀಟಿಯಲ್ಲಿ ಇರುವಷ್ಟೇ ಹವಾ ಇಡಿ. ಹ್ಯಾಚ್‌ಬ್ಯಾಕುಗಳಲ್ಲಿ ಅದು ಸಾಮಾನ್ಯವಾಗಿ 32–33. ಮುಂದಿನ ಎರಡು ಟೈರಿನ ಭುಜದ ಮೇಲೆ ಮೂರು ಕಡೆ ಸೀಮೆಸುಣ್ಣದ ಅಡ್ಡಗೆರೆ ಎಳೆಯಿರಿ. ಪಕ್ಕೆಯ ಮೇಲಂಚಿನಲ್ಲಿ ಚಿಕ್ಕ ತ್ರಿಕೋನ ಗುರುತಿರುತ್ತದೆ, ಗೆರೆ ಅದನ್ನು ದಾಟಿ ಕೆಳಗೂ ಬರಲಿ. ನಾಲ್ಕೈದು ಸುತ್ತು ಓಡಿಸಿ ಒಳಗೆ ಬಂದ ಕೂಡಲೇ, ಒಂದೆರಡು ನಿಮಿಷದೊಳಗೆ, ಗೇಜ್ ಹಚ್ಚಬೇಕು. ಹವಾ ಪ್ರತಿ 5–6 ಡಿಗ್ರಿ ಬಿಸಿಗೆ ಸುಮಾರು ಒಂದು ಪೌಂಡ್ ಏರುತ್ತದೆ, ಹಾಗಾಗಿ ಮುಂದಿನವು 40 ದಾಟಿರುತ್ತವೆ. ಮುಂದೆ 36–38ರ ಸುತ್ತ ಬರುವಷ್ಟು ಬಿಡಿ. ಹಿಂದಿನವನ್ನು ಒಂದೆರಡು ಪೌಂಡ್ ಹೆಚ್ಚಿಟ್ಟರೆ ತಿರುವಿನಲ್ಲಿ ಕಾರಿನ ಮೂಗು ಹೊರಕ್ಕೆ ಹೋಗುವ ಚಟ ಸ್ವಲ್ಪ ಕಡಿಮೆಯಾಗುತ್ತದೆ. ಸುಣ್ಣ ತ್ರಿಕೋನದ ತುದಿಯವರೆಗೆ ಅಳಿಸಿದ್ದರೆ ಸರಿ. ಅದಕ್ಕಿಂತ ಕೆಳಗೂ ಅಳಿಸಿದ್ದರೆ ಟೈರು ಮಗ್ಗುಲಾಗುತ್ತಿದೆ, ಹವಾ ಕಡಿಮೆ. ತ್ರಿಕೋನಕ್ಕಿಂತ ಮೇಲೂ ಸುಣ್ಣ ಉಳಿದಿದ್ದರೆ ಹವಾ ಹೆಚ್ಚು. ಪ್ರತಿ ಸರದಿಯ ಬಳಿಕವೂ ನೋಡಿ, ಮಧ್ಯಾಹ್ನದ ಡಾಂಬರು ಬೆಳಗಿನಷ್ಟು ತಣ್ಣಗೆ ಇರುವುದಿಲ್ಲ.

ಬಿಸಿಯಲ್ಲಿ ಬಿಟ್ಟ ಹವಾ ತಣ್ಣಗಾದ ಮೇಲೆ 27–28ಕ್ಕೆ ಇಳಿಯುತ್ತದೆ. ಅದರಲ್ಲೇ ಹೈವೇ ಹಿಡಿದರೆ ಪಕ್ಕೆ ಮಡಚಿ ಮಡಚಿ ಒಳಗೊಳಗೇ ಕಾದು ಟೈರು ಒಡೆಯಬಹುದು. ಅದಕ್ಕೇ ಸಿಗರೇಟ್ ಲೈಟರ್ ಸಾಕೆಟಿಗೆ ಹಾಕುವ ಚಿಕ್ಕ ಕಂಪ್ರೆಸರ್ ಜೊತೆಗಿರಲಿ. ಹೊರಡುವ ಮೊದಲು ಮತ್ತೆ 33. ನೈಟ್ರೋಜನ್‌ಗೆ ದುಡ್ಡು ಕೊಡುವ ಅಗತ್ಯ ಕಾಣಲಿಲ್ಲ, ಸಾದಾ ಹವಾದಲ್ಲೇ ನೂರಕ್ಕೆ 78ರಷ್ಟು ಅದೇ ಇದೆ. ಮೊದಲ ಸರದಿ ಮುಗಿದ ಮೇಲೆ ಟಾರ್ಕ್ ಪಾನಾದಿಂದ (ಬಿಗಿತ ಅಳೆಯುವ ಪಾನಾ) ಗಾಲಿಯ ನಟ್ ಕೂಡ ನೋಡಬೇಕು. ನಿಲ್ಲಿಸಿದಾಗ ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲಿಟ್ಟು ಗಾಲಿಗೆ ಕಲ್ಲು ಕೊಡಿ.

ಆದರೆ ಈ ಖುಷಿ ಜೂನ್‌ವರೆಗೆ ಮಾತ್ರ. 200ರ ಟೈರಿನಲ್ಲಿ ಗ್ರೂವ್‌ಗಳು ಕಡಿಮೆ, ನೀರು ಹೊರಹಾಕುವ ದಾರಿ ಕಡಿಮೆ. ಕಾನೂನಿನ ಮಿತಿ 1.6 ಮಿ.ಮೀ., ಆದರೆ ಕಿತ್ತೂರಿನ ಕಡೆ ಮಳೆ ಹೊಯ್ಯುವಾಗ 3 ಮಿ.ಮೀ. ಇದ್ದರೂ ಕಾರು ನೀರಿನ ಮೇಲೆ ತೇಲುತ್ತದೆ. ನಮ್ಮ ಮಳೆಗಾಲ ನೋಡಿದರೆ ವರ್ಷದ ನಾಲ್ಕು ತಿಂಗಳು ಈ ಟೈರು ಕಾರಿನಲ್ಲಿ ಇರಬಾರದು. ಇದು ನನ್ನ ಖಡಾಖಂಡಿತ ಅಭಿಪ್ರಾಯ.

ಹಾಗಾದರೆ ಕೊಳ್ಳುವುದು ಏನು? ಮೊದಲ ಸಲ ಹೋಗುವವರು ಏನೂ ಕೊಳ್ಳಬೇಡಿ, ಬ್ರೇಕ್ ಆಯಿಲ್ ಬದಲಿಸಿ ಸಾಕು. ಈಗಿರುವ 400–500ರ ಸಾದಾ ಟೈರು ಅರ್ಧ ಸವೆದಿದ್ದರೆ ಇನ್ನೂ ಒಳ್ಳೆಯದು. ಹೊಸ ಟೈರಿನ ಎಂಟು ಮಿ.ಮೀ. ಬಟನ್ ತೊನೆದಾಡಿ ಬಿಸಿಯಾಗುತ್ತದೆ, ಅಂಚಿನಲ್ಲಿ ತುಂಡುತುಂಡಾಗಿ ಕಿತ್ತುಬರುತ್ತದೆ. ಸಾದಾ ಟೈರು ಮೂರ್ನಾಲ್ಕು ಸುತ್ತಿಗೆ ಜಿಡ್ಡುಗಟ್ಟಿದಂತೆ ಜಾರತೊಡಗಿದರೆ, ಕಿರುಚುವ ಸದ್ದು ದಪ್ಪಗಾಗಿ ಸ್ಟೀರಿಂಗ್ ಹಗುರವಾದರೆ, ಒಂದು ಸುತ್ತು ನಿಧಾನ ಓಡಿಸಿ ತಣಿಸಿ.

ವರ್ಷಕ್ಕೆ ಒಂದೆರಡು ಸಲ ಹೋಗುವವರಿಗೆ 300ರ ಆಸುಪಾಸಿನ ಟೈರು ಸರಿ. ಮಳೆಯಲ್ಲೂ ಧೈರ್ಯ, ಟ್ರ್ಯಾಕ್‌ನಲ್ಲೂ ಮಾನ ಕಾಯುತ್ತದೆ. ಟ್ರೆಡ್‌ವೇರ್ ಅಂಕ ಕಂಪನಿಗಳು ತಾವೇ ಕೊಟ್ಟುಕೊಳ್ಳುವುದು, ಒಂದು ಕಂಪನಿಯ 300ನ್ನು ಇನ್ನೊಂದರ 320ರ ಜೊತೆ ತೂಗಬೇಡಿ. 200 ಬೇಕೇಬೇಕು ಎನ್ನುವವರು ಬೇರೆ ನಾಲ್ಕು ರಿಮ್ ಇಟ್ಟುಕೊಳ್ಳಲಿ. ಹಿಂದಿನ ಸೀಟು ಮಡಚಿದರೆ ನಾಲ್ಕೂ ಗಾಲಿ ಹಿಡಿಯುತ್ತವೆ, ಜೊತೆಗೆ ಬರುವವನೊಬ್ಬ ಮುಂದೆ ಕೂರಬೇಕಷ್ಟೇ. 15 ಇಂಚಿನ ರಿಮ್ ಹಾಕುವುದಾದರೆ ಬ್ರೇಕ್ ಕ್ಯಾಲಿಪರಿಗೆ ತಾಗುವುದಿಲ್ಲವೇ ಎಂದು ಮೊದಲು ನೋಡಿ. 185/65 R15 ಮತ್ತು 195/55 R16 ಎರಡರ ವ್ಯಾಸವೂ ಹೆಚ್ಚುಕಡಿಮೆ 621 ಮಿ.ಮೀ. 195/50 R16ಕ್ಕೆ ಇಳಿದರೆ ಶೇ 3ರಷ್ಟು ಚಿಕ್ಕದಾಗಿ ಸ್ಪೀಡೋಮೀಟರ್ ಹೆಚ್ಚು ತೋರಿಸುತ್ತದೆ.

2020ರಲ್ಲಿ ಟೈರು ಆಮದಿಗೆ ನಿರ್ಬಂಧ ಬಿದ್ದಿತು. ಚಿಕ್ಕ ರಿಮ್ಮಿನ ಸ್ಪೋರ್ಟ್ ಟೈರು ಮೊದಲೇ ವಿರಳ, ಹಾಗಾಗಿ ಎಲ್ಲೋ ಉಳಿದ ಹಳೇ ಸ್ಟಾಕ್ ಕಡಿಮೆ ದರಕ್ಕೆ ಸಿಕ್ಕಿತೆಂದು ಹಿಗ್ಗಬೇಡಿ. ಪಕ್ಕೆಯ ಮೇಲೆ DOT ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ: 2319 ಎಂದಿದ್ದರೆ 2019ರ 23ನೇ ವಾರದ ಮಾಲು. ಮೆತ್ತನೆಯ ರಬ್ಬರು ಗೋದಾಮಿನಲ್ಲಿ ಬಿದ್ದುಕೊಂಡೇ ಗಟ್ಟಿಯಾಗಿರುತ್ತದೆ, ಅಂಥದಕ್ಕೆ 200ರ ದರ ಕೊಡುವ ಬದಲು ಈ ವರ್ಷದ 300 ತಗೊಳ್ಳಿ.