ಅಡೆಸಿವ್, ಗ್ರೌಟ್ ಕಲಸಲು ಯಾವ ಡ್ರಿಲ್? ದೀರ್ಘ ಬಳಕೆಯ ನಂತರದ ವಿಮರ್ಶೆ

ಗೋಡೆಗೆ ತೂತು ಹೊಡೆಯುವ 13 ಎಂಎಂ ಇಂಪ್ಯಾಕ್ಟ್ ಡ್ರಿಲ್, ಎರಡು ಹಿಡಿಗಳಿರುವ 1400 ವ್ಯಾಟಿನ ಹ್ಯಾಂಡ್ ಮಿಕ್ಸರ್: ಟೈಲ್ಸ್ ಕೆಲಸದಲ್ಲಿ ಇವೆರಡನ್ನೂ ವರ್ಷಗಟ್ಟಲೆ ಬಳಸಿದ ಮೇಲಿನ ಅಭಿಪ್ರಾಯ ಇದು. ಅಂಗಡಿಯಲ್ಲಿ ಹೆಚ್ಚಿನವರು ಕೇಳುವುದು ಎಷ್ಟು ವ್ಯಾಟ್ ಎಂದು. ಕಲಸುವ ಕೆಲಸಕ್ಕೆ ಮೊದಲು ನೋಡಬೇಕಾದದ್ದು ಆರ್‌ಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಸುತ್ತು.

ಇಂಪ್ಯಾಕ್ಟ್ ಡ್ರಿಲ್ಲಿನ ಲೇಬಲ್ ಮೇಲೆ ಸಾಮಾನ್ಯವಾಗಿ 2800ರ ಆಸುಪಾಸಿನ ವೇಗ ಇರುತ್ತದೆ. ಟೈಲ್ ಅಂಟಿಸುವ ಅಡೆಸಿವ್‌ಗೆ ಬೇಕಾದದ್ದು 400ರಿಂದ 600. ಟ್ರಿಗರ್ ಅರ್ಧ ಒತ್ತಿದರೆ ವೇಗ ಇಳಿಯುತ್ತದೆ ನಿಜ, ಆದರೆ ಡ್ರಿಲ್ ಸುಡುವುದೂ ಅದರಿಂದಲೇ. ಮೋಟರನ್ನು ತಂಪು ಮಾಡುವ ಫ್ಯಾನ್ ಆರ್ಮೇಚರ್ (ಮೋಟರಿನ ತಿರುಗುವ ಭಾಗ) ಶಾಫ್ಟಿನ ಮೇಲೆಯೇ ಇರುತ್ತದೆ. ಶಾಫ್ಟ್ ನಿಧಾನವಾದರೆ ಗಾಳಿ ಕಡಿಮೆ, ಗಟ್ಟಿ ಮಿಶ್ರಣದಿಂದಾಗಿ ಎಳೆಯುವ ಕರೆಂಟ್ ಹೆಚ್ಚು. ವೈಂಡಿಂಗ್ (ಮೋಟರಿನೊಳಗಿನ ತಂತಿ ಸುರುಳಿ) ಸುಟ್ಟ ವಾಸನೆ ಬರುವಷ್ಟರಲ್ಲಿ ಹಾನಿ ಆಗಿರುತ್ತದೆ. ಮಿಕ್ಸರಿನಲ್ಲಿ ವೇಗ ಇಳಿಸುವುದು ಗೇರ್. ಒಳಗೆ ಮೋಟರ್ ಜೋರಾಗಿಯೇ ತಿರುಗುತ್ತಿರುತ್ತದೆ, ಫ್ಯಾನ್ ಕೂಡ.

ಹಾಗಾಗಿ ಟೈಲ್‌ಗಳ ಸಂದು ತುಂಬುವ ಗ್ರೌಟ್ ಒಂದೆರಡು ಕೆಜಿ, ಹೆಚ್ಚೆಂದರೆ 5 ಕೆಜಿ ಅಡೆಸಿವ್ ಕಲಸಲು ಮನೆಯಲ್ಲಿರುವ ಡ್ರಿಲ್ ಸಾಕು. ಕೋಲಿನ ತುದಿಯಲ್ಲಿರುವ ಕಲಸುವ ಪ್ಯಾಡಲ್ 60ರಿಂದ 80 ಎಂಎಂ ಅಗಲ ದಾಟಬಾರದು. ಹ್ಯಾಮರ್ ಮೋಡ್ (ಬಡಿಯುತ್ತಾ ತಿರುಗುವುದು) ಆಫ್ ಇರಲಿ, ಪಕ್ಕದ ಹಿಡಿ ಹಾಕಿಯೇ ಹಿಡಿಯಿರಿ. ಪ್ಯಾಡಲ್ ಸಿಕ್ಕಿಕೊಂಡರೆ ಮಣಿಕಟ್ಟು ತಿರುಚಿಹೋಗುತ್ತದೆ. 20 ಕೆಜಿ ಚೀಲವನ್ನು ಒಂದೇ ಸಲ ಕಲಸುವುದಿದ್ದರೆ ಮಿಕ್ಸರ್ ಬೇಕೇ ಬೇಕು. ಎಂ14 ಥ್ರೆಡ್ಡಿನ (ಪ್ಯಾಡಲ್ ತಿರುಗಿಸಿ ಕೂರಿಸುವ 14 ಎಂಎಂ ತಿರುಪು), 120 ಎಂಎಂ ಪ್ಯಾಡಲ್ ಇರುವುದನ್ನು ಕೊಳ್ಳಿ. ಎಸ್‌ಡಿಎಸ್ (ಬಿಟ್ಟನ್ನು ಒತ್ತಿ ಕೂರಿಸುವ ಬಗೆ) ರೋಟರಿ ಹ್ಯಾಮರಿಗೆ ಅಡಾಪ್ಟರ್ ಹಾಕಿ ಕಲಸುವವರಿದ್ದಾರೆ. ಅದರಲ್ಲಿ ಕೋಲು ಅಲ್ಲಾಡುವುದು ನಿಲ್ಲುವುದಿಲ್ಲ, ನಾನು ಒಪ್ಪುವುದಿಲ್ಲ.

ಪ್ಯಾಡಲ್ ಆಯ್ಕೆಯನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ, ಅದೇ ಬೇಸರ. ತಳದಿಂದ ಮೇಲಕ್ಕೆ ಎತ್ತುವ ಸುರುಳಿ ಅಡೆಸಿವ್, ಗಾರೆಯಂಥ ಭಾರದ ಮಿಶ್ರಣಕ್ಕೆ. ಮೇಲಿನಿಂದ ಕೆಳಕ್ಕೆ ತಳ್ಳುವ ಸುರುಳಿ ತೆಳುವಾದದ್ದಕ್ಕೆ, ಅದು ಎರಚುವುದಿಲ್ಲ. ಗ್ರೌಟನ್ನು 300ರ ಸುಮಾರಿನಲ್ಲಿ, ಪ್ಯಾಡಲ್ ಪೂರ್ತಿ ಮುಳುಗಿರುವಂತೆ ಕಲಸಿ. ಜೋರಾಗಿ ತಿರುಗಿಸಿದರೆ ಗಾಳಿ ಸೇರಿ, ಒಣಗಿದ ಮೇಲೆ ಜಾಯಿಂಟಿನಲ್ಲಿ ಸೂಜಿಮೊನೆಯಂಥ ತೂತುಗಳು ಕಾಣುತ್ತವೆ. ಎಪಾಕ್ಸಿ ಗ್ರೌಟಿನಲ್ಲಿ ಮೊದಲು ರೆಸಿನ್ (ರಾಳ) ಮತ್ತು ಹಾರ್ಡನರ್ (ಅದನ್ನು ಗಟ್ಟಿಯಾಗಿಸುವುದು) ಬೆರೆಸಿ, ಆಮೇಲೆ ಫಿಲ್ಲರ್ ಪುಡಿ ಹಾಕಬೇಕು. ಕಲಸಿದ್ದನ್ನು ಬಕೆಟ್ಟಿನಲ್ಲೇ ಬಿಟ್ಟರೆ ತನ್ನದೇ ಶಾಖಕ್ಕೆ ಬೇಗ ಗಟ್ಟಿಯಾಗುತ್ತದೆ.

ಬಕೆಟ್ಟಿಗೆ ಮೊದಲು ನೀರು, ನಂತರ ಪುಡಿ. ನೀರಿನ ಅಳತೆ ಚೀಲದ ಮೇಲಿರುತ್ತದೆ, ಕಣ್ಣಂದಾಜು ಬೇಡ. ಗಂಟುಗಳು ಕರಗಿದ ಮೇಲೆ ಐದು ನಿಮಿಷ ಬಿಟ್ಟು ಇನ್ನೊಮ್ಮೆ ಕಲಸಿ. ಅಡೆಸಿವ್‌ನಲ್ಲಿರುವ ಪಾಲಿಮರ್ ನೀರು ಹೀರಲು ಆ ಸಮಯ ಬೇಕು. ಗಟ್ಟಿಯಾಗುತ್ತಾ ಬಂತೆಂದು ಮತ್ತೆ ನೀರು ಹಾಕಿದರೆ ಹಿಡಿತ ಹೋಗುತ್ತದೆ. 1:4 ಸಿಮೆಂಟ್ ಮತ್ತು ಎಂ-ಸ್ಯಾಂಡ್ ಗಾರೆಯನ್ನು ಡ್ರಿಲ್ಲಿಗೆ ಕೊಡಲೇಬೇಡಿ, ಸಲಿಕೆಯೇ ಸರಿ.

1400 ವ್ಯಾಟಿನ ಯಂತ್ರ 230 ವೋಲ್ಟಿನಲ್ಲಿ ಸುಮಾರು 6 ಆಂಪ್ ಎಳೆಯುತ್ತದೆ. 6 ಆಂಪಿನ ಸಾಕೆಟ್ ಬಿಸಿಯಾಗುತ್ತದೆ, 16 ಆಂಪಿನದಕ್ಕೇ ಹಾಕಿ. ಉದ್ದದ ಎಕ್ಸ್‌ಟೆನ್ಷನ್ ವೈರ್ 2.5 ಚದರ ಎಂಎಂ ಇರಲಿ. ತೆಳು ವೈರಿನಲ್ಲಿ ವೋಲ್ಟೇಜ್ ಬಿದ್ದು ಮೋಟರ್ ತಿಣುಕುತ್ತದೆ. ನೀರಿನ ಪಕ್ಕದ ಕೆಲಸವಾದ್ದರಿಂದ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಇರುವ ಲೈನಿನಿಂದಲೇ ಕರೆಂಟ್ ತೆಗೆದುಕೊಳ್ಳಿ. ಹೆಗಲ ಮೇಲೆ ಟವೆಲ್ ಹಾಕಿಕೊಂಡು ಕಲಸಬಾರದು, ಅದು ಪ್ಯಾಡಲಿಗೆ ಸುತ್ತಿಕೊಳ್ಳಬಹುದು.

ಮಿಕ್ಸರಿನ ಕೊರತೆಯೆಂದರೆ ತೂಕ. ಬಾತ್‌ರೂಮಿನ ಇಕ್ಕಟ್ಟಿನಲ್ಲಿ ತೋಳು ನೋಯುತ್ತದೆ. ಕೆಲಸ ಮುಗಿದ ಕೂಡಲೇ ಪ್ಯಾಡಲನ್ನು ನೀರಿನ ಬಕೆಟ್ಟಿನಲ್ಲಿ ತಿರುಗಿಸಿ ತೊಳೆಯಿರಿ. ಅಂಟಿ ಒಣಗಿದ ಸಿಮೆಂಟ್ ಪ್ಯಾಡಲಿನ ಸಮತೋಲ ಕೆಡಿಸುತ್ತದೆ, ಆ ನಡುಕ ಗೇರ್‌ಬಾಕ್ಸಿನ ಬೇರಿಂಗ್ ತಿನ್ನುತ್ತದೆ. ಗಾಳಿಕಿಂಡಿಯ ಧೂಳು ಊದಿ ತೆಗೆಯಿರಿ. ಕಿಡಿ ಹೆಚ್ಚಾದರೆ ಮೋಟರಿಗೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಬಿಚ್ಚಿ ನೋಡಿ. 5 ಎಂಎಂಗೆ ಸವೆದಿದ್ದರೆ ಎರಡನ್ನೂ ಜೋಡಿಯಾಗಿ ಬದಲಿಸಿ. ಕೊಳ್ಳುವಾಗಲೇ ಆ ಮಾಡೆಲ್‌ನ ಬ್ರಷ್ ನಿಮ್ಮೂರಿನ ಅಂಗಡಿಯಲ್ಲಿ ಸಿಗುತ್ತದೆಯೇ ಎಂದು ವಿಚಾರಿಸಿ, ಒಂದು ಜೊತೆ ಜೊತೆಯಲ್ಲೇ ತನ್ನಿ.